ಗಾಡಿಯನ್ನು ಹೊರುವವರು ಯಾರು?

ಅಡಿಕೆ ಹಾಳೆಯ ಮೇಲೆ ಕುಳಿತು ಅಂಗಳವಿಡೀ ಎಳೆಸಿಕೊಳ್ಳದ ಮಗು ನಮ್ಮ ಊರಿನಲ್ಲಿ ಇರಲಾರದು. ಅಣ್ಣನೋ ಅಕ್ಕನೋ ಹಾಳೆಯ ತುದಿ ಹಿಡಿದು ಓಡುತ್ತಾರೆ. ಹಾಳೆಯ ಮೇಲಿನ ಪುಟಾಣಿ ಎರಡೂ ಬದಿಗಳನ್ನು ಬಿಗಿಯಾಗಿ ಹಿಡಿದು ಕೇಕೆ ಹಾಕುತ್ತದೆ. ಈ ವಾಹನಕ್ಕೆ ಚಕ್ರವಿಲ್ಲ, ಬೆಲೆಯೂ ಇಲ್ಲ. ಆಟ ಮುಗಿದ ಮೇಲೆ ಕಂಕುಳಲ್ಲಿ ಇರುಕಿಕೊಂಡು ಹಿಂದಿರುಗಬಹುದು. ಹರಿದುಹೋದರೆ ತೋಟದಲ್ಲಿ ಇನ್ನೊಂದು ಬಿದ್ದಿರುತ್ತದೆ. ಮಕ್ಕಳ ಗಾಡಿಯೊಂದರಲ್ಲಿ ಇರಬೇಕಾದ ಮುಖ್ಯ ಗುಣ ಯಾವುದೆಂದು ಯಾರಾದರೂ ಕೇಳಿದರೆ ನಾವು ಈ ಹಾಳೆಯನ್ನೇ ತೋರಿಸುತ್ತೇವೆ. ಎಳೆಯುವಾಗ ಅದು ಮಗುವನ್ನು ಹೊರುತ್ತದೆ. ಎಳೆಯಲಾಗದ ಕಡೆ ನಮಗೆ ಹೊರೆಯಾಗುವುದಿಲ್ಲ.

ನಮ್ಮ ಶಾಲಾ ವಿಜ್ಞಾನ ಸಂಘದವರು ಈ ವರ್ಷ ಮಡಚುವ ತಳ್ಳುಗಾಡಿಗಳ ಕುರಿತು ಓದಿ, ಅಳತೆ ಮಾಡಿ, ಒಂದೆರಡು ಮಾದರಿಗಳನ್ನೂ ಕಟ್ಟಿದೆವು. ಇದು ತಿಳಿದಾಗ ಕೆಲವು ಹೆತ್ತವರು ನಕ್ಕುಬಿಟ್ಟರು. “ಎಲ್ಲರೂ ರಾಕೆಟ್ಟು, ಉಪಗ್ರಹ ಎನ್ನುವ ಕಾಲದಲ್ಲಿ ನಿಮಗೆ ಮಕ್ಕಳ ಗಾಡಿಯೇ ಸಿಕ್ಕಿತೇ?” ಎಂದು ಕೇಳಿದವರೂ ಉಂಟು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅವರಿಗೆ ಉತ್ತರ ಕೊಡಬೇಕೆಂದೇ ಈ ಲೇಖನ.

ಸಂಘದ ಸಭೆಯೊಂದರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಗಾಲಿಕುರ್ಚಿಯನ್ನು ಮೆಟ್ಟಿಲು ಹತ್ತಿಸುವುದು ಹೇಗೆ?” ಎಂದು ಕೇಳಿದ್ದಳು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅವಳ ತಮ್ಮನಿಗೆ ಹನ್ನೊಂದು ವರ್ಷ. ಹುಟ್ಟಿನಿಂದಲೇ ಅವನ ಕಾಲುಗಳಲ್ಲಿ ಬಲವಿಲ್ಲ. ಒಂದು ಶನಿವಾರ ನಾವು ಅಧ್ಯಾಪಕರೊಡನೆ ಅವಳ ಮನೆಗೆ ಹೋದೆವು. ರಸ್ತೆಯಿಂದ ಇಳಿಯಲು ಮುರಕಲ್ಲಿನ ಮೂವತ್ತೆಂಟು ಮೆಟ್ಟಿಲುಗಳು. ಬಳಿಕ ಗದ್ದೆ ಹುಣಿ. ಅದರಾಚೆ ತೋಡಿಗೆ ಅಡ್ಡವಾಗಿ ಎರಡು ಅಡಿಕೆ ಮರಗಳ ಸಂಕ. ಸಂಕ ದಾಟಿದರೆ ತಡಮೆ, ಮತ್ತೆ ಅಂಗಳ. ಕೊಟ್ಟಿಗೆಯ ಮಾಡಿನ ಕೆಳಗೆ ಶಿಬಿರವೊಂದರಲ್ಲಿ ಸಿಕ್ಕಿದ ಗಾಲಿಕುರ್ಚಿ ಇತ್ತು. ಅದರ ಮೇಲೆ ಕೋಳಿಯೊಂದು ಕಾವಿಗೆ ಕುಳಿತಿತ್ತು.

ಅವಳ ತಾಯಿ ನಮಗೆಲ್ಲ ಬೆಲ್ಲ ನೀರು ಕೊಟ್ಟರು. ಕುರ್ಚಿಯನ್ನು ಏಕೆ ಬಳಸುವುದಿಲ್ಲವೆಂದು ನಾವು ಕೇಳಿದೆವು. “ಗಾಡಿ ಒಳ್ಳೆಯದೇ ಉಂಟು ಮಕ್ಕಳೇ. ಆದರೆ ಮಗನನ್ನೂ ನಾನೇ ಹೊರಬೇಕು, ಗಾಡಿಯನ್ನೂ ನಾನೇ ಹೊರಬೇಕು. ಎರಡು ಹೊರುವುದಕ್ಕಿಂತ ಒಂದು ಹೊರುವುದು ಸುಲಭವಲ್ಲವಾ?” ಎಂದರು ಆ ತಾಯಿ. ಮಗನನ್ನು ಬೆನ್ನಿಗೆ ಹಾಕಿಕೊಂಡು ಅವರು ರಸ್ತೆಗೆ ಹತ್ತುತ್ತಾರೆ. ಅಲ್ಲಿಂದ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಾರೆ. ಮಗ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದಾನೆ. ತಾಯಿಯ ಬೆನ್ನು ಬೆಳೆಯುವುದಿಲ್ಲ.

ಇದು ಒಂದು ಮನೆಯ ಮಾತಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಗೇರು ತೋಟಗಳಿಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. 2000ದ ಕೊನೆಗೆ ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ವಿಷದ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಆದರೆ ಎಣ್ಮಕಜೆ, ಪಡ್ರೆಯಂತಹ ಊರುಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಬೆಳೆದ ಮಕ್ಕಳನ್ನು ತಾಯಂದಿರು ಎತ್ತಿಕೊಂಡೇ ತಿರುಗುತ್ತಾರೆ. ಪರಿಹಾರದ ಹಣದ ವಿಷಯವನ್ನು ಹಿರಿಯರು ಮಾತನಾಡುತ್ತಾರೆ. ಮಗುವನ್ನು ಎತ್ತಿಕೊಂಡು ಹೋಗುವುದು ಹೇಗೆ ಎಂಬುದನ್ನು ಮಾತನಾಡುವವರು ಕಡಿಮೆ. ನಾವು ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇವೆ.

ನಮ್ಮ ಅಭಿಪ್ರಾಯ ಇಷ್ಟೇ: ಗಾಡಿಯ ಬೆಲೆ ತಿಳಿಯುವುದು ಅದರ ಚಕ್ರ ಉರುಳುವಲ್ಲಿ ಅಲ್ಲ, ಚಕ್ರ ನಿಲ್ಲುವಲ್ಲಿ. ಸಿಮೆಂಟು ನೆಲದ ಮೇಲೆ ಎಲ್ಲ ಗಾಡಿಗಳೂ ಓಡುತ್ತವೆ. ಮೆಟ್ಟಿಲು ಬಂದಾಗ, ಬಸ್ಸು ಬಂದಾಗ, ಸಂಕ ಬಂದಾಗ ಅದನ್ನು ಎತ್ತುವವರು ಯಾರು, ಯಾವ ಕೈಯಿಂದ, ಎಷ್ಟು ದೂರ? ಈ ಪ್ರಶ್ನೆಯಿಂದ ಹೊರಟವರು ಮಾತ್ರ ಒಳ್ಳೆಯ ಗಾಡಿ ಮಾಡಿದ್ದಾರೆ. ಇದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ.

ಮಕ್ಕಳ ಗಾಡಿ ಮೊದಲು ಹುಟ್ಟಿದ್ದು ಶ್ರೀಮಂತರ ಅಂಗಳದಲ್ಲಿ. 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಎಂಬ ಶಿಲ್ಪಿ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಒಂದು ಪುಟ್ಟ ರಥವನ್ನೇ ಮಾಡಿಕೊಟ್ಟನು. ಅದನ್ನು ಎಳೆಯಲು ಆಡನ್ನೋ ಕುದುರೆಮರಿಯನ್ನೋ ಕಟ್ಟುತ್ತಿದ್ದರಂತೆ. ಅಂತಹ ಗಾಡಿಯನ್ನು ಎತ್ತುವ ಪ್ರಶ್ನೆಯೇ ಇರಲಿಲ್ಲ, ಎತ್ತಬೇಕಾದರೆ ಆಳುಕಾಳುಗಳಿದ್ದರು. ಮುಂದೆ ಎರಡು ನೂರು ವರ್ಷಗಳ ತನಕ ಮಕ್ಕಳ ಗಾಡಿಗಳು ದೊಡ್ಡ ಚಕ್ರ, ಭಾರವಾದ ತೊಟ್ಟಿಲು, ಉಕ್ಕಿನ ಪಟ್ಟಿಗಳಿಂದ ಕೂಡಿ ಕಾಣಲು ಗಂಭೀರವಾಗಿದ್ದವು. ಬಸ್ಸು ಹತ್ತುವ ತಾಯಿಗೆ ಅವು ಪ್ರಯೋಜನಕ್ಕೆ ಬರುವಂತಿರಲಿಲ್ಲ.

ಈ ರೀತಿಯನ್ನು ಬದಲಿಸಿದವರು ಓವನ್ ಮೆಕ್ಲಾರನ್ ಎಂಬ ವಿಮಾನ ಎಂಜಿನಿಯರರು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಜೋಡಣೆಯ ಮೇಲೆ ಅವರು ಕೆಲಸ ಮಾಡಿದ್ದರು. ವಿಮಾನ ನೆಲ ಬಿಟ್ಟೊಡನೆ ಅದರ ಕಾಲುಗಳು ಮಡಚಿಕೊಂಡು ರೆಕ್ಕೆಯೊಳಗೆ ಸೇರಬೇಕು. ಇಳಿಯುವಾಗ ಹೊರಬಂದು ಗಟ್ಟಿಯಾಗಿ ನಿಲ್ಲಬೇಕು. ಭಾರವಂತೂ ಕಡಿಮೆ ಇರಲೇಬೇಕು. ಈ ವಿದ್ಯೆ ತಿಳಿದವರು ನಿವೃತ್ತರಾಗಿ ಕುಳಿತಿದ್ದಾಗ ಮಗಳು ವಿದೇಶದಿಂದ ಪುಟ್ಟ ಮೊಮ್ಮಗುವಿನೊಡನೆ ಬಂದಳು. ಅವಳು ಭಾರವಾದ ಗಾಡಿಯೊಂದಿಗೆ ಒದ್ದಾಡುವುದನ್ನು ಅಜ್ಜ ಕಂಡರು. ವಿಮಾನದ ಕಾಲು ಮಡಚಬಹುದಾದರೆ ಮೊಮ್ಮಗುವಿನ ಗಾಡಿಯನ್ನು ಏಕೆ ಮಡಚಬಾರದು? 1965ರಲ್ಲಿ ಅವರು ಅಲ್ಯೂಮಿನಿಯಂ ಕೊಳವೆಗಳ ಗಾಡಿಯೊಂದಕ್ಕೆ ಪೇಟೆಂಟು ಕೋರಿದರು. ಅದರ ತೂಕ ಸುಮಾರು ಮೂರು ಕಿಲೋ ಮಾತ್ರ. 1967ರಲ್ಲಿ ಬಾರ್ಬಿ ಎಂಬ ಹಳ್ಳಿಯ ತಮ್ಮ ಕುದುರೆ ಲಾಯದಲ್ಲೇ ತಯಾರಿಕೆ ಆರಂಭಿಸಿದರು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಕೊಡೆಯಂತೆ ಮಡಚಿದ ಗಾಡಿ: ತಾಯಂದಿರು ಹೀಗೆ ಬಸ್ಸು ಹತ್ತಲು ಸಾಧ್ಯವಾಯಿತು. ಆ ಬಳಿಕ ಅದೇ ಮಾದರಿಯ ಗಾಡಿಗಳು ಲೋಕವೆಲ್ಲ ಹರಡಿದವು.

ಕೊಡೆ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಿವಿ ನೆಟ್ಟಗಾಗಬೇಕು. ವೃತ್ತಿ ಪರಿಚಯ ಮೇಳದಲ್ಲಿ ಕೊಡೆ ತಯಾರಿ ನಮ್ಮವರಿಗೆ ಪರಿಚಿತ ಸ್ಪರ್ಧೆಯಲ್ಲವೇ? ಕಡ್ಡಿಗಳು ಚಾಚಿ ನಿಲ್ಲುವುದೂ ಮತ್ತೆ ಕೋಲಿಗೆ ಅಂಟಿಕೊಳ್ಳುವುದೂ ಹೇಗೆ ಎಂಬುದನ್ನು ಅವರ ಬೆರಳುಗಳು ಬಲ್ಲವು. ಅದರ ಹಿಂದಿರುವುದು ನಾವು ರೇಖಾಗಣಿತದಲ್ಲಿ ಕಲಿತ ಪಾಠವೇ. ಮೂರು ಕಡ್ಡಿಗಳನ್ನು ತುದಿಗಳಲ್ಲಿ ಮೊಳೆ ಹೊಡೆದು ಜೋಡಿಸಿರಿ. ಆ ತ್ರಿಕೋನ ಅಲುಗುವುದಿಲ್ಲ. ನಾಲ್ಕು ಕಡ್ಡಿಗಳನ್ನು ಜೋಡಿಸಿರಿ. ಆ ಚತುರ್ಭುಜ ಒತ್ತಿದೊಡನೆ ಒಂದು ಬದಿಗೆ ಮಲಗುತ್ತದೆ. ಮಡಚುವ ಗಾಡಿ ಎಂದರೆ ಮಗು ಕುಳಿತಾಗ ತ್ರಿಕೋನವಾಗಿದ್ದು, ಮಗು ಇಳಿದಾಗ ಚತುರ್ಭುಜವಾಗುವ ಗಾಡಿ. ಆ ಹೆಚ್ಚಿನ ಕಡ್ಡಿಯನ್ನು ಸೇರಿಸುವ, ಬಿಡಿಸುವ ಬೀಗವೇ ಅದರ ಜೀವ. ಬೆನ್ನ ಹಿಂದೆ ಕತ್ತರಿಯಂತೆ ಅಡ್ಡಹಾಯುವ ಎರಡು ಕೊಳವೆಗಳಿದ್ದರೆ ಗಾಡಿ ಅಗಲದಲ್ಲಿ ಮಡಚುತ್ತದೆ. ಬದಿಗಳಲ್ಲೂ ಹಾಗೆಯೇ ಇದ್ದರೆ ಉದ್ದದಲ್ಲೂ ಮಡಚುತ್ತದೆ. ಎರಡೂ ಕೂಡಿದಾಗ ಗಾಡಿ ಒಂದು ಕಟ್ಟಿಗೆಯ ಕಟ್ಟಿನಂತಾಗುತ್ತದೆ.

ಕೊಳವೆಯೇ ಏಕೆ, ಸರಳು ಏಕಾಗಬಾರದು ಎಂದು ಕೇಳಬಹುದು. ಬಿದಿರನ್ನು ನೋಡಿದರೆ ಸಾಕು. ಒಳಗೆ ಟೊಳ್ಳಾದರೂ ಬಿದಿರು ಅದೇ ತೂಕದ ಗಟ್ಟಿ ಕೋಲಿಗಿಂತ ಕಷ್ಟದಲ್ಲಿ ಬಾಗುತ್ತದೆ. ಬಾಗುವಿಕೆಯನ್ನು ತಡೆಯುವುದು ಹೊರಮೈಯ ವಸ್ತು. ನಡುವಿನದು ಬರಿಯ ಭಾರ. ಇನ್ನು ಅಲ್ಯೂಮಿನಿಯಮ್ಮಿನ ಒಂದು ಘನ ಸೆಂಟಿಮೀಟರು ತೂಗುವುದು 2.7 ಗ್ರಾಂ, ಉಕ್ಕು ಹತ್ತಿರ ಹತ್ತಿರ 7.8 ಗ್ರಾಂ. ಹಾಗೆಂದು ಉಕ್ಕನ್ನು ಹಳಿಯುವಂತಿಲ್ಲ. ಉಕ್ಕಿನ ಗಾಡಿ ಮುರಿದರೆ ನಮ್ಮ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಸರಿಯಾಗುತ್ತದೆ. ಅಲ್ಯೂಮಿನಿಯಂ ಬೆಸೆಯಲು ಬೇರೆ ಯಂತ್ರ, ಬೇರೆ ಕೈ ಬೇಕು. ಹಳ್ಳಿಯಲ್ಲಿ ಬಳಸುವ ವಸ್ತುವಿಗೆ ಇದೂ ಒಂದು ಲೆಕ್ಕ.

ಚಕ್ರದ ವಿಷಯದಲ್ಲಿ ಪ್ರಕೃತಿ ಇನ್ನೂ ಕಠಿಣ. ಚಕ್ರ ಚಿಕ್ಕದಾದಷ್ಟೂ ಗಾಡಿ ಚಿಕ್ಕದಾಗಿ ಮಡಚುತ್ತದೆ. ಆದರೆ ಚಿಕ್ಕ ಚಕ್ರಕ್ಕೆ ಚಿಕ್ಕ ಕಲ್ಲೂ ಬೆಟ್ಟವೇ. ನಾವು ಲೆಕ್ಕ ಹಾಕಿದೆವು. 16 ಸೆಂಟಿಮೀಟರು ವ್ಯಾಸದ ಚಕ್ರದ ಮೇಲೆ 10 ಕಿಲೋ ಭಾರವಿದೆ ಎಂದುಕೊಳ್ಳಿ. ಎದುರಿಗೆ 2 ಸೆಂಟಿಮೀಟರು ಎತ್ತರದ ಕಲ್ಲು ಸಿಕ್ಕಿದರೆ, ಅಚ್ಚಿನ ಮಟ್ಟದಲ್ಲಿ ನೇರ ಮುಂದಕ್ಕೆ ತಳ್ಳಿ ಅದನ್ನು ಹತ್ತಿಸಲು ಸುಮಾರು 9 ಕಿಲೋ ತೂಕದಷ್ಟು ಬಲ ಬೇಕು. ವ್ಯಾಸ ಇಮ್ಮಡಿಯಾದರೆ ಐದೂವರೆ ಕಿಲೋದಷ್ಟು ಸಾಕು. ಕಲ್ಲಿನ ಎತ್ತರ ಚಕ್ರದ ತ್ರಿಜ್ಯಕ್ಕೆ ಸಮನಾಯಿತೋ, ಭೀಮನೇ ಬಂದು ತಳ್ಳಿದರೂ ಅದು ಹತ್ತದು, ಎತ್ತಲೇ ಬೇಕು. ತಳ್ಳುವವರು ಹಿಡಿಯನ್ನು ಕೆಳಕ್ಕೆ ಅದುಮಿ ಮುಂದಿನ ಚಕ್ರವನ್ನು ಮೇಲೆತ್ತುವುದು ಇದಕ್ಕಾಗಿಯೇ. 2014ರಲ್ಲಿ ಅತ್ಯಂತ ಚಿಕ್ಕದಾಗಿ ಮಡಚುವ ಮಕ್ಕಳ ಗಾಡಿ ಎಂದು ಗಿನ್ನೆಸ್ ದಾಖಲೆಗೆ ಸೇರಿದ ಗಾಡಿಯೊಂದು ಮಡಚಿದಾಗ 35 ಸೆಂಟಿಮೀಟರು ಎತ್ತರ, 30 ಅಗಲ, 18 ದಪ್ಪಕ್ಕೆ ಇಳಿಯುತ್ತದೆ. ನಮ್ಮ ಪಾಟಿಚೀಲಗಳಲ್ಲಿ ಕೆಲವು ಅದಕ್ಕಿಂತ ದೊಡ್ಡವು! ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಅದು ಭೂಷಣ. ನಮ್ಮ ಜಲ್ಲಿ ಎದ್ದ ರಸ್ತೆಯಲ್ಲಿ ಅದರ ಪುಟ್ಟ ಚಕ್ರಗಳಿಗೆ ಹೆಜ್ಜೆಹೆಜ್ಜೆಗೂ ಪರೀಕ್ಷೆ. ದಾಖಲೆಯ ಗಾಡಿ ಎಲ್ಲರಿಗೂ ಒಳ್ಳೆಯ ಗಾಡಿಯಲ್ಲ. ಯಾವ ದಾರಿಗೆ, ಯಾವ ಕೈಗೆ ಎಂದು ಕೇಳದೆ ಉತ್ತಮ, ಅಧಮ ಎನ್ನಲಾಗದು.

ಮಡಚುವುದರಲ್ಲಿ ಅಪಾಯವೂ ಉಂಟು. ಕತ್ತರಿಯಂತೆ ಮಡಚುವುದು ಕತ್ತರಿಯಂತೆ ಕತ್ತರಿಸಲೂಬಹುದು. 2009ರ ನವೆಂಬರಿನಲ್ಲಿ ಅದೇ ಮೆಕ್ಲಾರನ್ ಹೆಸರಿನ ಸುಮಾರು ಹತ್ತು ಲಕ್ಷ ಗಾಡಿಗಳಿಗೆ ಅಮೆರಿಕದಲ್ಲಿ ತಿರುಗಣಿ ಮುಚ್ಚುವ ಹೊದಿಕೆಗಳನ್ನು ಒದಗಿಸಬೇಕಾಗಿ ಬಂತು. ಗಾಡಿ ಬಿಚ್ಚುವಾಗ ತಿರುಗಣಿಗೆ ಬೆರಳು ಸಿಕ್ಕಿ ಹನ್ನೆರಡು ಮಕ್ಕಳ ಬೆರಳ ತುದಿ ತುಂಡಾದ ವರದಿಗಳಿದ್ದವು. ಅಜ್ಜನ ಪ್ರೀತಿಯಿಂದ ಹುಟ್ಟಿದ ವಸ್ತುವಿನಲ್ಲೂ ಇಂತಹ ಕೊರತೆ ಉಳಿದಿತ್ತು. ಆದುದರಿಂದ ಮಡಚುವ ಗಾಡಿ ಬಳಸುವ ಹೆತ್ತವರು ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಬಿಚ್ಚುವಾಗಲೂ ಮಡಚುವಾಗಲೂ ಮಗುವನ್ನು ದೂರ ನಿಲ್ಲಿಸಬೇಕು. ಬೀಗ ಕೂತಿತೋ ಎಂದು ಕೈಯಿಂದ ಒತ್ತಿ ನೋಡಬೇಕು. ಹಿಡಿಗೆ ಭಾರದ ಚೀಲ ತೂಗುಹಾಕಬಾರದು. ಮಗು ಇಳಿದ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಕತ್ತು ನಿಲ್ಲದ ಹಸುಳೆಯನ್ನು ಕುಳ್ಳಿರಿಸುವ ಗಾಡಿಯಲ್ಲಿ ಇಡಲೇಬಾರದು.

ಬ್ರೇಕಿನ ವಿಷಯದಲ್ಲಿ ನಮ್ಮದೇ ಅನುಭವವಿದೆ. ನಮ್ಮ ಮೊದಲ ಮಾದರಿಯನ್ನು ಅಡಿಕೆ ಮರದ ಸಲಾಕೆ ಮತ್ತು ಹಳೆಯ ಸೈಕಲಿನ ಭಾಗಗಳಿಂದ ಕಟ್ಟಿದೆವು. ಮಗುವಿನ ಬದಲು ಒಂದು ಗೋಣಿ ತೆಂಗಿನಕಾಯಿ ಕುಳ್ಳಿರಿಸಿ ಶಾಲೆಯ ಇಳಿಜಾರಿನಲ್ಲಿ ನಿಲ್ಲಿಸಿದೆವು. ಒಂದೇ ಚಕ್ರಕ್ಕೆ ಬ್ರೇಕು ಇತ್ತು. ಗಾಡಿ ಆ ಚಕ್ರದ ಸುತ್ತ ಸಾವಕಾಶವಾಗಿ ತಿರುಗಿ, ಮತ್ತೆ ನಮಗೆ ಬೆನ್ನು ಹಾಕಿ ಓಡಿತು. ತೆಂಗಿನಕಾಯಿಗಳು ಚರಂಡಿಯಲ್ಲಿ ಸಿಕ್ಕಿದವು. ನಾವೆಲ್ಲ ನಕ್ಕೆವು. ಆದರೆ ಆ ಹುಡುಗಿ ಮಾತ್ರ ನಗಲಿಲ್ಲ. ಗೋಣಿಯಲ್ಲಿ ಇದ್ದದ್ದು ಏನೆಂದು ಅವಳಿಗೆ ಬೇರೆ ಯಾರೂ ನೆನಪಿಸಬೇಕಾಗಿರಲಿಲ್ಲ. ಎರಡನೆಯ ಮಾದರಿಯಲ್ಲಿ ಎರಡು ಚಕ್ರಗಳಿಗೂ ಒಂದೇ ಕೋಲಿನಿಂದ ಬ್ರೇಕು ಬೀಳುವಂತೆ ಮಾಡಿದ್ದೇವೆ.

ಮೆಕ್ಲಾರನ್ ಅಜ್ಜನದು ಪುಟ್ಟ ಮಗುವಿನ ಕಥೆಯಾಯಿತು. ನಡೆಯಲಾರದ ದೊಡ್ಡವರ ಕಥೆಯೂ ಬೇರೆ ರೀತಿಯದಲ್ಲ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಗಣಿಯ ಅಪಘಾತದಲ್ಲಿ ನಡೆಯುವ ಬಲ ಕಳೆದುಕೊಂಡವರು. ಅಂದಿನ ಗಾಲಿಕುರ್ಚಿಯನ್ನು ಕಾರಿನಲ್ಲಿ ಇಟ್ಟುಕೊಂಡು ಹೋಗಲು ಆಗುತ್ತಿರಲಿಲ್ಲ. ಅವರ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಎಂಜಿನಿಯರರಾಗಿದ್ದರು. ಇಬ್ಬರೂ ಸೇರಿ 1933ರಲ್ಲಿ ಆಸನದ ಕೆಳಗೆ ಕತ್ತರಿಯಾಕಾರದ ಪಟ್ಟಿಗಳಿರುವ, ಅಗಲದಲ್ಲಿ ಮಡಚುವ ಉಕ್ಕಿನ ಕೊಳವೆಯ ಕುರ್ಚಿಯನ್ನು ಮಾಡಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಕಾಣುವ ಮಡಚುವ ಕುರ್ಚಿಗಳು ಅದರ ವಂಶದವೇ. ಮತ್ತೊಬ್ಬ ಅಮೆರಿಕನ್ ಎಂಜಿನಿಯರು ರಾಲ್ಫ್ ಹಾಚ್‌ಕಿಸ್ ಸ್ವತಃ ಗಾಲಿಕುರ್ಚಿಯಲ್ಲೇ ಕುಳಿತವರು. 1980ರಲ್ಲಿ ಅವರು ನಿಕರಾಗುವಾ ಎಂಬ ಬಡ ದೇಶಕ್ಕೆ ಹೋಗಿ, ಅಲ್ಲಿನ ಗಾಲಿಕುರ್ಚಿ ಬಳಸುವವರ ಜೊತೆಯಲ್ಲೇ ಕುಳಿತು ಹೊಸ ಕುರ್ಚಿ ರಚಿಸತೊಡಗಿದರು. ಊರಿನಲ್ಲೇ ಸಿಗುವ ಸಾಮಗ್ರಿ, ಊರಿನಲ್ಲೇ ದುರಸ್ತಿ, ಒರಟು ದಾರಿಗೆ ಒಗ್ಗುವ ಅಗಲವಾದ ಮುಂದಿನ ಚಕ್ರ: ಇವು ಅವರ ದಾರಿ.

ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ಫ್ರಾನ್ಸಿನ ಒಂದು ಗಾಡಿ. ಜೋಯೆಲ್ ಕ್ಲೋಡೆಲ್ ಎಂಬವರು ಬೆಟ್ಟದಲ್ಲಿ ದಾರಿ ತೋರಿಸುವ ಕೆಲಸದವರು. ಅವರ ಸೋದರನ ಮಗನಿಗೆ ಸ್ನಾಯುಗಳ ರೋಗ. ಅವನನ್ನೂ ಬೆಟ್ಟಕ್ಕೆ ಕರೆದೊಯ್ಯಬೇಕೆಂದು 1987ರಲ್ಲಿ ಅವರು ಒಂದೇ ಚಕ್ರದ ಕುರ್ಚಿಯನ್ನು ಮಾಡಿದರು. ಕುರ್ಚಿಯ ನಡುವೆ ಕೆಳಗೆ ಒಂದು ಚಕ್ರ, ಮುಂದೆ ಒಬ್ಬರು, ಹಿಂದೆ ಒಬ್ಬರು ಹಿಡಿ ಹಿಡಿದಿರುತ್ತಾರೆ. ಮಗುವಿನ ಭಾರವನ್ನು ಚಕ್ರ ಹೊರುತ್ತದೆ. ತೂಕ ತಪ್ಪದಂತೆ ನೋಡುವುದು ಮನುಷ್ಯರ ಕೆಲಸ. ಎರಡು ಚಕ್ರಗಳು ಅಕ್ಕಪಕ್ಕದಲ್ಲಿ ಹೋಗಲಾರದ ಗದ್ದೆ ಹುಣಿಯಲ್ಲಿ ಒಂದು ಚಕ್ರ ಹೋಗುತ್ತದೆ. ಮೆಟ್ಟಿಲಿನಲ್ಲೂ ಇಬ್ಬರು ಸೇರಿದರೆ ಹೆಜ್ಜೆಹೆಜ್ಜೆಯಾಗಿ ಏರಿಸಬಹುದು. ಜೋಯ್ಲೆಟ್ ಎಂಬ ಹೆಸರಿನ ಈ ಗಾಡಿಯ ಚಿತ್ರವನ್ನು ಕಂಡಾಗ ನಮಗೆ ನೆನಪಾದದ್ದು ಆ ಮೂವತ್ತೆಂಟು ಮೆಟ್ಟಿಲುಗಳೇ.

ಅಜ್ಜ, ಗೆಳೆಯ, ಚಿಕ್ಕಪ್ಪ. ನೋಡಿರಿ, ಈ ಗಾಡಿಗಳೆಲ್ಲ ಒಂದೊಂದು ಮನೆಯಿಂದ, ಹೆಸರು ಗೊತ್ತಿದ್ದ ಒಬ್ಬೊಬ್ಬರಿಗಾಗಿ ಹುಟ್ಟಿದವು. ಮೊದಲು ಲೋಕಕ್ಕೆಲ್ಲ ಒಂದು ಗಾಡಿ ಮಾಡಿ ಆಮೇಲೆ ಮಗುವನ್ನು ಹುಡುಕಿದ್ದಲ್ಲ. ನಮ್ಮಲ್ಲಿ ನಡೆಯುತ್ತಿರುವುದು ಹಲವು ಸಲ ಇದರ ತಿರುವುಮುರುವು. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆ ಕೃತಕ ಅಂಗಗಳನ್ನೂ ಗಾಲಿಕುರ್ಚಿಗಳನ್ನೂ ತಯಾರಿಸುತ್ತದೆ. ಸಾಧನಗಳನ್ನು ಹಂಚುವ ಕೇಂದ್ರ ಸರಕಾರದ ಯೋಜನೆ 1981ರಿಂದ ಇದೆ. ಅಂಗವಿಕಲರ ಹಕ್ಕುಗಳ ಕಾನೂನು 2016ರಲ್ಲಿ ಹೊಸದಾಗಿ ಬಂದಿದೆ. ಇವೆಲ್ಲ ದೊಡ್ಡ ಕೆಲಸಗಳೇ, ಕೃತಜ್ಞತೆಯಿಂದಲೇ ಹೇಳುತ್ತೇವೆ. ಆದರೆ ಶಿಬಿರದಲ್ಲಿ ಕುರ್ಚಿ ಕೊಡುವಾಗ ಮಗುವಿನ ಕಾಲನ್ನು ನೋಡಿದಂತೆ ಮನೆಯ ದಾರಿಯನ್ನೂ ನೋಡಿದ್ದರೆ ಆ ಕುರ್ಚಿ ಕೋಳಿಗೂಡಾಗುತ್ತಿರಲಿಲ್ಲ. ಅರ್ಜಿಯಲ್ಲಿ ಇನ್ನು ಮೂರು ಪ್ರಶ್ನೆಗಳಿಗೆ ಜಾಗ ಇರಲಿ: ರಸ್ತೆಯಿಂದ ಮನೆಗೆ ದಾರಿ ಹೇಗಿದೆ? ದಿನಾ ಎತ್ತುವವರು ಯಾರು? ಅವರು ಎಷ್ಟು ಭಾರ ಎತ್ತಬಲ್ಲರು?

ನಮ್ಮ ಮಾತಿಗೆ ಎರಡು ಆಕ್ಷೇಪಗಳು ಬಂದಿವೆ. ಸೊಂಟ ಇರುವಾಗ ಗಾಡಿ ಏಕೆ, ನಮ್ಮನ್ನೆಲ್ಲ ಅಮ್ಮ ಅಜ್ಜಿಯರು ಸೊಂಟದಲ್ಲೇ ಸಾಕಲಿಲ್ಲವೇ ಎಂಬುದು ಮೊದಲನೆಯದು. ನಿಜ, ಮಗುವಿಗೆ ತಾಯಿಯ ಸೊಂಟಕ್ಕಿಂತ ಒಳ್ಳೆಯ ಪೀಠವಿಲ್ಲ. ಆದರೆ ಪೀಠದ ನೋವನ್ನು ಪೀಠದೊಡನೆ ಯಾರೂ ಕೇಳಲಿಲ್ಲ. ಎಷ್ಟು ಮಂದಿ ಅಜ್ಜಿಯಂದಿರು ಇಂದು ಸೊಂಟ ಹಿಡಿದುಕೊಂಡೇ ಏಳುತ್ತಾರೆ ಎಂಬುದನ್ನು ನಮ್ಮ ನಮ್ಮ ಮನೆಗಳಲ್ಲಿ ನೋಡಬಹುದು. ಗಾಡಿ ತಳ್ಳಿದರೆ ಜನ ನಗುತ್ತಾರೆ ಎಂಬ ನಾಚಿಕೆಯೂ ಹೊಸತಲ್ಲ. 1937ರಲ್ಲಿ ಅಮೆರಿಕದ ಒಕ್ಲಹೋಮಾ ನಗರದಲ್ಲಿ ಸಿಲ್ವಾನ್ ಗೋಲ್ಡ್‌ಮನ್ ಎಂಬ ವ್ಯಾಪಾರಿ ಮಡಚುವ ಕುರ್ಚಿಯನ್ನು ನೋಡಿ, ಅದಕ್ಕೆ ಬುಟ್ಟಿ ಮತ್ತು ಚಕ್ರ ಸೇರಿಸಿ, ಅಂಗಡಿಯಲ್ಲಿ ಸಾಮಾನು ತಳ್ಳುವ ಗಾಡಿ ಮಾಡಿದನು. ಮೊದಮೊದಲು ಗಿರಾಕಿಗಳು ಅದನ್ನು ಮುಟ್ಟಲಿಲ್ಲ. ತಮ್ಮ ತೋಳಿಗೆ ಬಲವಿಲ್ಲವೆಂದು ಜನ ತಿಳಿದಾರು ಎಂದು ಗಂಡಸರು ಸಂಕೋಚಪಟ್ಟರು. ಅವನು ಸಂಬಳ ಕೊಟ್ಟು ಕೆಲವರನ್ನು ಅಂಗಡಿಯಲ್ಲಿ ಗಾಡಿ ತಳ್ಳುತ್ತಾ ತಿರುಗಾಡಿಸಿದ ಮೇಲೆ ಉಳಿದವರ ನಾಚಿಕೆ ಬಿಟ್ಟಿತು. ನಮ್ಮಲ್ಲೂ ಮೊದಲು ತಳ್ಳುವವರು ಅಪ್ಪಂದಿರಾದರೆ ಒಳ್ಳೆಯದೆಂದು ನಮ್ಮ ಸಂಘದ ಹುಡುಗಿಯರ ಒಮ್ಮತದ ಅಭಿಪ್ರಾಯ. ಹುಡುಗರೂ ಸ್ವಲ್ಪ ಚರ್ಚೆಯ ಬಳಿಕ ಒಪ್ಪಿದ್ದೇವೆ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. “ಗಾಡಿಯನ್ನು ಮಡಚುವುದಕ್ಕಿಂತ ದಾರಿಯನ್ನು ಸರಿಮಾಡಬಾರದೇ? ಹಗುರ ಗಾಡಿ ಸಿಕ್ಕಿತೆಂದು ಪಂಚಾಯತಿನವರು ಮೆಟ್ಟಿಲನ್ನು ಹಾಗೆಯೇ ಬಿಟ್ಟರೆ?” ಎಂದು ಹಿರಿಯರೊಬ್ಬರು ಕೇಳಿದರು. ಅವರ ಮಾತನ್ನು ನಾವು ಒಪ್ಪುತ್ತೇವೆ. ಮೆಟ್ಟಿಲಿನ ಬದಿಯಲ್ಲಿ ಓರೆದಾರಿ ಬೇಕು, ಸಂಕಕ್ಕೆ ಅಗಲವೂ ಕೈಹಿಡಿಯೂ ಬೇಕು, ಮೊಣಕಾಲಿನೆತ್ತರದ ಬಸ್ಸಿನ ಮೊದಲ ಮೆಟ್ಟಿಲು ತಗ್ಗಬೇಕು. ಶಾಲೆಯ ಬಾಗಿಲಲ್ಲಿ ಓರೆದಾರಿ ಇದ್ದು ಶೌಚಾಲಯಕ್ಕೆ ಇಲ್ಲದಿದ್ದರೆ ಅದೂ ಸಾಲದು. ಗಾಡಿ ಹಗುರವಾಯಿತೆಂದು ದಾರಿಯ ಬೇಡಿಕೆಯನ್ನು ಹಗುರ ಮಾಡಬಾರದು. ಆದರೆ ದಾರಿ ಆಗುವ ತನಕ ಹುಡುಗ ಕಾಯಲಾರ. ಅವನಿಗೆ ಈಗ ಹನ್ನೊಂದು. ಆದುದರಿಂದ ಎರಡೂ ಕೆಲಸ ಒಟ್ಟೊಟ್ಟಿಗೆ ನಡೆಯಬೇಕು.

ನಮ್ಮಿಂದ ಏನಾದೀತು? ದೊಡ್ಡ ಕಾರ್ಖಾನೆ ನಮ್ಮಲ್ಲಿಲ್ಲ. ಆದರೆ ನಮ್ಮ ಹೆತ್ತವರಲ್ಲಿ ವೆಲ್ಡಿಂಗ್ ಮಾಡುವವರಿದ್ದಾರೆ, ಸೈಕಲು ರಿಪೇರಿಯವರಿದ್ದಾರೆ, ಬಡಗಿಗಳಿದ್ದಾರೆ, ಬಟ್ಟೆ ಹೊಲಿಯುವ ತಾಯಂದಿರಿದ್ದಾರೆ. ಕುಳಿತುಕೊಳ್ಳುವ ಬಟ್ಟೆ, ಎದೆಗೆ ಕಟ್ಟುವ ಪಟ್ಟಿ, ಕೀಲು, ಅಚ್ಚು ಎಲ್ಲಕ್ಕೂ ನಮ್ಮಲ್ಲೇ ಕೈಗಳಿವೆ. ಇಂತಹ ಗಾಡಿಯಲ್ಲಿ ಮಗುವನ್ನು ಕುಳ್ಳಿರಿಸುವ ಮೊದಲು ವೈದ್ಯರಿಗೂ ಅಂಗಸಾಧನಗಳನ್ನು ಬಲ್ಲವರಿಗೂ ತೋರಿಸಲೇಬೇಕು. ಬೆನ್ನಿಗೆ ಆಧಾರ ತಪ್ಪಿದರೆ ಉಪಕಾರ ಅಪಕಾರವಾದೀತು. ವಿದ್ಯಾರ್ಥಿಗಳು ಮಾಡಬಹುದಾದದ್ದು ಅದಕ್ಕಿಂತ ಮೊದಲಿನ ಕೆಲಸ: ನೋಡುವುದು, ಅಳೆಯುವುದು, ಎತ್ತುವವರನ್ನು ಕೇಳುವುದು. ತಮ್ಮ ವಾರ್ಡಿನಲ್ಲಿ ಎತ್ತಿಕೊಂಡು ಹೋಗಬೇಕಾದ ಮಗುವಿರುವ ಮನೆಯ ದಾರಿಯನ್ನು, ಮನೆಯವರ ಒಪ್ಪಿಗೆ ಪಡೆದು, ಅಳತೆ ಮಾಡಿ ಬರೆದಿಡಲಿ. ಶಿಬಿರದವರು ಬಂದಾಗ ಆ ಪುಸ್ತಕವನ್ನು ಅವರ ಮುಂದಿಡೋಣ.

ಆ ಹುಡುಗಿಯ ನೋಟುಪುಸ್ತಕದಲ್ಲಿ ಈಗಾಗಲೇ ಎರಡು ಪುಟ ತುಂಬಿದೆ. ಪ್ರತಿ ಮೆಟ್ಟಿಲಿನ ಎತ್ತರ, ಅಗಲ, ಸಂಕದ ಉದ್ದ, ತಡಮೆಯ ಎತ್ತರ, ಬಸ್ಸಿನ ಬಾಗಿಲು. ಕೊನೆಯ ಸಾಲಿನಲ್ಲಿ ಹೀಗೆ ಬರೆದಿದ್ದಾಳೆ: “ಅಮ್ಮ ನಿಲ್ಲುವ ಜಾಗಗಳು: ಹನ್ನೆರಡನೆಯ ಮೆಟ್ಟಿಲು, ಇಪ್ಪತ್ತೊಂದನೆಯದು, ಮೂವತ್ತನೆಯದು.” ಇಷ್ಟು ಓದಿದ ಗಾಡಿಗಳ ಪೈಕಿ ಯಾವುದರ ವಿವರಣೆಯಲ್ಲೂ ನಮಗೆ ಇಂತಹ ಅಳತೆ ಸಿಗಲಿಲ್ಲ. ನಮ್ಮ ಊರಿನ ಗಾಡಿ ಈ ಸಾಲಿನಿಂದ ಆರಂಭವಾಗಬೇಕು.

ಒಂದು ಚಕ್ರದ, ಮಡಚುವ ಮೂರನೆಯ ಮಾದರಿಯ ಕೆಲಸ ನಡೆಯುತ್ತಿದೆ. ಸದ್ಯಕ್ಕೆ ಅದರಲ್ಲಿ ತೆಂಗಿನಕಾಯಿಗಳೇ ಪ್ರಯಾಣ ಮಾಡುತ್ತಿವೆ. ಶನಿವಾರ ಬಿಡುವಿರುವ ಹೆತ್ತವರು ತಮ್ಮ ಹತ್ಯಾರುಗಳೊಡನೆ ಶಾಲೆಗೆ ಬರಬೇಕೆಂದು ವಿನಂತಿ. ಅದು ಆ ಮೆಟ್ಟಿಲುಗಳನ್ನು ಏರಿತೋ ಇಲ್ಲವೋ ಎಂಬುದನ್ನು, ಏರದಿದ್ದರೆ ಏಕೆ ಏರಲಿಲ್ಲ ಎಂಬುದನ್ನೂ, ಮುಂದಿನ ವರ್ಷದ ಸಂಚಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತೇವೆ.